ಬಚ್ಚಲೊಲೆ ಆರಿಸಿದ ವರ್ಷ

ನಾನು ನರ್ಸ್ ತರಬೇತಿ ಪಡೆದ ಹಾಸ್ಟೆಲಿನಲ್ಲಿ ಬೆಳಿಗ್ಗೆ ನಾಲ್ಕೂವರೆಗೆ ಗಂಟೆ ಹೊಡೆಯುತ್ತಿದ್ದರು. ಸದ್ದು ನಿಲ್ಲುವುದರೊಳಗೆ ಎದ್ದು ನಿಂತಿರಬೇಕು. ಹಾಸಿಗೆಯ ಮೇಲೆ ಒಂದು ಸುಕ್ಕು ಇರಬಾರದು. ಸ್ನಾನಕ್ಕೆ ಆರು ನಿಮಿಷ, ಒಂದು ಬಕೆಟ್ ತಣ್ಣೀರು. ಮೂರು ವರ್ಷ ಹಾಗೆ ಬದುಕಿದವಳಿಗೆ ಆಮೇಲೆ ಗಂಟೆ ಬೇಕಾಗುವುದಿಲ್ಲ. ಮದುವೆಯಾಗಿ ತಿಪಟೂರಿನ ಅಂಚಿನ ಮನೆಗೆ ಬಂದ ಮಾರನೆಯ ದಿನವೂ ನಾಲ್ಕೂವರೆಗೆ ಎದ್ದೆ. ಮನೆಯಲ್ಲಿ ನಾನೇ ಮೊದಲು ಎದ್ದವಳು ಅಂದುಕೊಂಡು ಹಿಂದಕ್ಕೆ ಹೋದರೆ ಬಚ್ಚಲುಮನೆಯಲ್ಲಿ ಆಗಲೇ ಬೆಳಕಿತ್ತು. ಅತ್ತೆಮ್ಮ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

"ನೀರು ಕಾದೈತೆ. ಹುಯ್ಕೊ ಹೋಗು," ಅಂದರು, ತಿರುಗಿ ನೋಡದೆ.

ಆವತ್ತಿನಿಂದ ಹದಿನಾಲ್ಕು ವರ್ಷ ನಮ್ಮ ಮನೆಯ ಬೆಳಗು ಹಾಗೇ ಶುರುವಾಯಿತು. ಯಾರು ಯಾವಾಗ ಸ್ನಾನಕ್ಕೆ ಹೋಗಬೇಕು ಅನ್ನುವುದನ್ನು ಒಲೆಯ ಮುಂದಿನಿಂದ ಅತ್ತೆಮ್ಮ ಕೂಗಿ ಹೇಳುತ್ತಿದ್ದರು. ಮೊದಲು ನಾನು, ನನಗೆ ತುರುವೇಕೆರೆ ರಸ್ತೆಯ ಆರೋಗ್ಯ ಕೇಂದ್ರಕ್ಕೆ ಏಳು ಗಂಟೆಯ ಬಸ್ಸು. ಆಮೇಲೆ ನಮ್ಮ ಯಜಮಾನರು, ಆಮೇಲೆ ಸ್ಕೂಲಿಗೆ ಹೋಗುವ ಮಗಳು. ಎಲ್ಲರದೂ ಮುಗಿದ ಮೇಲೆ ಅವರದು. ಸ್ನಾನ, ಲಿಂಗಪೂಜೆ ಆಗುವ ತನಕ ಅವರು ಬಾಯಿಗೆ ಒಂದು ತೊಟ್ಟು ಕಾಫಿ ಬಿಟ್ಟುಕೊಳ್ಳುತ್ತಿರಲಿಲ್ಲ. ನನ್ನ ಶಿಸ್ತಿಗೆ ಸರಿಸಾಟಿಯಾದ ಶಿಸ್ತು ನಾನು ಕಂಡದ್ದು ಆ ಒಬ್ಬ ಹೆಂಗಸಿನಲ್ಲಿ.

ಬಚ್ಚಲುಮನೆ ಅಂದರೆ ಅಡುಗೆಮನೆಯ ಮಗ್ಗುಲಿನ ಕತ್ತಲೆ ಕೋಣೆ. ಮೂಲೆಯಲ್ಲಿ ಮಣ್ಣಿನ ಒಲೆ, ಅದರ ಮೇಲೆ ಕಂಠದ ತನಕ ಹೂತ ತಾಮ್ರದ ಹಂಡೆ. ಉರುವಲು ನಮ್ಮ ತೋಟದ್ದೇ, ತೆಂಗಿನ ಮಟ್ಟೆ, ಚಿಪ್ಪು, ಒಣಗರಿ. ಅಡುಗೆಗೆ ಆಗಲೇ ಗ್ಯಾಸ್ ಬಂದಿತ್ತು. ಮನೆಯಲ್ಲಿ ಉಳಿದಿದ್ದ ಬೆಂಕಿ ಬಚ್ಚಲೊಲೆ ಒಂದೇ. ತಲೆಯ ಮೇಲೆ ಬಿದಿರಿನ ದಬ್ಬೆ ಹಾಸಿದ ಅಟ್ಟ, ಅಟ್ಟದ ತುಂಬ ಸುಲಿಯದ ತೆಂಗಿನಕಾಯಿ. ನಮ್ಮ ಕಡೆ ಕೊಬ್ಬರಿ ಆಗುವುದು ಹೀಗೆ: ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಇಷ್ಟು ನನಗೆ ಗೊತ್ತಿತ್ತು. ನನ್ನ ತವರು ಹಂದನಕೆರೆ ಕಡೆ. ನಮ್ಮದು ರಾಗಿ ಹೊಲ. ಬಾವಿಯ ಪಕ್ಕ ಮನೆಖರ್ಚಿಗೆ ಅಂತ ನಾಲ್ಕು ತೆಂಗಿನ ಮರ ಇದ್ದವು, ಅಷ್ಟೆ. ಅಟ್ಟದ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಇನ್ನೂ ಒಂದಿತ್ತು. ಅದನ್ನು ನಾನು ಕೇಳಲಿಲ್ಲ.

ಅತ್ತೆಮ್ಮನ ಎಡಗಣ್ಣು ನಾನು ಬರುವ ಮೊದಲೇ ಹೋಗಿತ್ತು. ಕಣ್ಣು ಕೆಂಪಾಗಿದ್ದಾಗ ಯಾರೋ ಸೊಪ್ಪಿನ ರಸ ಹಿಂಡಿದ್ದರಂತೆ. ಬಲಗಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಆಪರೇಷನ್ ಅಂದರೆ "ಬುಡು, ಇರೋ ಒಂದನ್ನೂ ನಿಮ್ಮ ಡಾಕ್ಟ್ರ ಕೈಗೆ ಕೊಡ್ಲಾ?" ಅನ್ನುತ್ತಿದ್ದರು. ಆ ವರ್ಷ ಬೇಸಿಗೆಯಲ್ಲಿ ಹಂಡೆಯ ನೀರು ಕುದಿಯುತ್ತಿದ್ದದ್ದು ಕಾಣದೆ ಬಿಸಿ ನೋಡಲು ಮೊಣಕೈ ತನಕ ಕೈ ಇಳಿಸಿಬಿಟ್ಟರು. ಸುಟ್ಟ ಕೈಗೆ ಮುಲಾಮು ಹಚ್ಚುತ್ತಲೇ ನಾನು ತುಮಕೂರಿನ ಕಣ್ಣಿನ ಡಾಕ್ಟರ ಬಳಿ ದಿನ ಗೊತ್ತುಮಾಡುವುದು ಅಂತ ತೀರ್ಮಾನಿಸಿದೆ. ಅವರೂ ಎದುರು ಮಾತಾಡಲಿಲ್ಲ.

ಜ್ಯೇಷ್ಠ ಮಾಸದಲ್ಲಿ ಆಪರೇಷನ್ ಆಯಿತು. ಬಿಡುಗಡೆಯ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ನೀವು ನರ್ಸು, ಬಿಡಿಸಿ ಹೇಳಬೇಕಾಗಿಲ್ಲ. ಬಗ್ಗಬಾರದು, ಭಾರ ಎತ್ತಬಾರದು. ಹೊಗೆ ತಾಗಬಾರದು. ಒಲೆ ಊದೋದಂತೂ ಬೇಡವೇ ಬೇಡ, ತ್ರಾಣ ಹಾಕಿದರೆ ಹೊಲಿಗೆ ಬಿಡುತ್ತೆ. ಬಿಟ್ಟರೆ ಈ ಕಣ್ಣೂ ಹೋಯಿತು ಅನ್ನಿ. ಕನ್ನಡಕ ಕೊಡೋ ತನಕ ನಿಮ್ಮ ಜವಾಬ್ದಾರಿ."

ಜವಾಬ್ದಾರಿ ಅನ್ನುವ ಮಾತು ನನಗೆ ಸಾಕು. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ. ವೇಳೆ ಬರೆದು ಗೋಡೆಗೆ ಅಂಟಿಸಿದೆ. ಮಧ್ಯಾಹ್ನದ ಹನಿಯನ್ನು ಊಟಕ್ಕೆ ಮನೆಗೆ ಬರುವ ಮಗಳಿಗೆ ಕಲಿಸಿಕೊಟ್ಟೆ. ಅದೆಲ್ಲ ಸರಿಹೋಯಿತು. ಸರಿಹೋಗದೆ ಉಳಿದದ್ದು ಬಚ್ಚಲೊಲೆ.

ಒಲೆ ಹಚ್ಚುವುದು ನನ್ನ ಕೈಗೆ ಬಂತು. ಹದಿನಾಲ್ಕು ವರ್ಷ ಕಾದ ನೀರು ಹೊಯ್ದುಕೊಂಡವಳು ನಾನು, ಕಾಯಿಸಿದವಳಲ್ಲ. ನಾನು ಇಟ್ಟ ಮಟ್ಟೆ ಉರಿಯುತ್ತಿರಲಿಲ್ಲ, ಬರಿಯ ಹೊಗೆ. ಗೋಡೆಯಾಚೆ ಮಂಚದಿಂದ ಅತ್ತೆಮ್ಮನ ಕೂಗು ಬರುತ್ತಿತ್ತು.

"ನಾರು ಕೆಳಕ್ಕೆ ಮಾಡಿ ಇಡು ಕಣೇ! ಒತ್ತೊತ್ತಿಗೆ ತುರುಕ್ಬೇಡ, ಉಸ್ರಾಡ್ಲಿ!"

"ನೀವು ಮಾತಾಡಬೇಡಿ ಅತ್ತೆಮ್ಮ, ಮಲಗಿ."

"ಊರೋರ ಹೆರಿಗೆ ಎಲ್ಲಾ ಮಾಡಿಸ್ತಾಳಂತೆ, ಒಂದು ಒಲೆ ಹಚ್ಚಕ್ಕೆ ಬರಾಕಿಲ್ಲ!"

ನಮ್ಮ ಯಜಮಾನರು ಜಗಲಿಯ ಮೇಲೆ ಪೇಪರ್ ಹಿಡಿದು ನಗುತ್ತಿದ್ದರು. ನಾಲ್ಕನೆಯ ದಿನ ಬಸ್ಸು ತಪ್ಪಿತು. ಐದನೆಯ ದಿನ ಹೊಗೆಗೆ ಕಣ್ಣು ಮುಚ್ಚಿ ಕೆಮ್ಮುತ್ತಿದ್ದೆ. ಕಣ್ಣು ಬಿಟ್ಟರೆ ಅತ್ತೆಮ್ಮ ಗೋಡೆ ಹಿಡಿದುಕೊಂಡು ಎದುರಿಗೇ ನಿಂತಿದ್ದಾರೆ. ಕಣ್ಣಿಗೆ ಹಸಿರು ಬಟ್ಟೆ. ಕೈ ಮಾತ್ರ ನೇರವಾಗಿ ಮೂಲೆಯಲ್ಲಿದ್ದ ಊದುಗೊಳವೆಗೆ ಹೋಯಿತು. ನಾನು ಕಿತ್ತುಕೊಂಡೆ.

"ಒಂದೇ ಒಂದು ಉಸ್ರು ಕಣವ್ವಾ."

"ಆ ಒಂದು ಉಸಿರಿಗೇ ಕಣ್ಣು ಹೋಗುತ್ತೆ," ಅಂದೆ.

ಆವತ್ತು ಬಸ್ಸಿನಲ್ಲಿ ಕೂತು ಒಲೆಯನ್ನೇ ತೆಗೆದುಬಿಡಬೇಕು ಅಂದುಕೊಂಡೆ. ಒಲೆ ಇದ್ದರೆ ಅವರು ಬಂದೇ ಬರುತ್ತಾರೆ.

ಪೇಟೆಯ ಅಂಗಡಿಯಲ್ಲಿ ವಿಚಾರಿಸಿದೆ. ಗೀಸರಿನಲ್ಲಿ ಎರಡು ಬಗೆ ಇದ್ದವು. ಒಂದಕ್ಕೆ ದೊಡ್ಡ ಟ್ಯಾಂಕು, ನೀರು ತುಂಬಿಕೊಂಡು ಕಾಯಿಸಿಡುತ್ತದೆ. ಅದರ ಭಾರ ನಮ್ಮ ಮಣ್ಣಿನ ಗೋಡೆ ತಡೆಯುವಂತಿರಲಿಲ್ಲ. ಇನ್ನೊಂದು ಇನ್‌ಸ್ಟಂಟ್ ಅನ್ನುವ ಸಣ್ಣ ಡಬ್ಬ. ಟ್ಯಾಂಕೇ ಇಲ್ಲ, ನಲ್ಲಿ ತಿರುಗಿಸಿದರೆ ನೀರು ಹರಿಯುತ್ತ ಹರಿಯುತ್ತಲೇ ಕಾಯುತ್ತದೆ. ನನಗೆ ಅದು ಹಿಡಿಸಿತು. ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ.

"ಟ್ಯಾಂಕೇ ಇಲ್ದಿದ್ಮ್ಯಾಲೆ ನೀರು ಎಲ್ಲಿ ಕೂತ್ಕೊಂಡು ಕಾಯ್ತದೆ?" ಅಂದರು ಅತ್ತೆಮ್ಮ.

"ಕೂರೋದಿಲ್ಲ, ಓಡ್ತಾ ಓಡ್ತಾ ಕಾಯುತ್ತೆ."

"ಥೇಟ್ ನಿನ್ನಂಗೇ ಅನ್ನು."

ಯಜಮಾನರ ಚಿಂತೆ ಬೇರೆ. "ನೀರು, ಕರೆಂಟು ಎರಡನ್ನೂ ಒಂದೇ ಡಬ್ಬದಲ್ಲಿ ಹಾಕಿ ಅದರ ಕೆಳಗೆ ನನ್ನನ್ನ ನಿಲ್ಲಿಸ್ತೀಯಾ? ಇನ್ಶೂರೆನ್ಸ್ ಇದ್ದಿದ್ರೆ ನಿನ್ನ ಮೇಲೆ ಅನುಮಾನ ಬರ್ತಿತ್ತು ಕಣೇ."

ನಗೆಯ ಮಾತೇ. ಆದರೆ ನನ್ನಲ್ಲೂ ಅನುಮಾನ ಹೊಕ್ಕಿತು. ಬೆಳಿಗ್ಗೆ ತೋಟದವರೆಲ್ಲ ಪಂಪ್‌ಸೆಟ್ ಹಾಕಿದರೆ ನಮ್ಮ ಬಲ್ಬು ಕೆಂಪಗೆ ಮಿಣುಕುತ್ತಿತ್ತು. ಅಂಥ ಕರೆಂಟಿಗೆ ನೀರು ಕಾದೀತೆ? ಒಂದು ವಾರ ಬೆಳಿಗ್ಗೆ ಬಲ್ಬು ನೋಡಿ ಡೈರಿಯಲ್ಲಿ ಬರೆದೆ. ಐದಕ್ಕೆ ಚೆನ್ನಾಗಿದೆ. ಐದೂವರೆಗೆ ಪರವಾಗಿಲ್ಲ. ಆರಕ್ಕೆ ಮಂಕು. ಹಾಗಾದರೆ ಎಲ್ಲರ ಸ್ನಾನವೂ ಆರರೊಳಗೆ ಮುಗಿಯಬೇಕು ಅಂತ ಲೆಕ್ಕ ಹಾಕಿದೆ. ಸಮಾಧಾನವಾಗಲಿಲ್ಲ. ಆರೋಗ್ಯ ಕೇಂದ್ರದಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದರೆ ತಲೆಯಲ್ಲಿ ಒಲೆಯೇ. ಈಗ ಅತ್ತೆಮ್ಮ ಎದ್ದಿರಬಹುದೆ, ಗೋಡೆ ಹಿಡಿದು ಎಲ್ಲಿಯ ತನಕ ಬಂದಿರಬಹುದು ಅನ್ನುವುದೇ ಯೋಚನೆ.

ತುರುವೇಕೆರೆಯಲ್ಲಿ ನನ್ನ ನಾದಿನಿಯ ಮನೆಗೆ ಹಿಂದಿನ ವರ್ಷವೇ ಅಂಥ ಗೀಸರ್ ಬಂದಿತ್ತು. ಅವರದೂ ತೆಂಗಿನ ತೋಟ, ಅಟ್ಟದ ಮನೆ. ಒಂದು ಭಾನುವಾರ ಟವೆಲು, ಸೀರೆ ಚೀಲದಲ್ಲಿಟ್ಟುಕೊಂಡು ಮೊದಲ ಬಸ್ಸಿಗೆ ಹೊರಟೆ.

"ಅತ್ತಿಗೆ, ಅಷ್ಟು ದೂರದಿಂದ ಸ್ನಾನ ಮಾಡಕ್ಕೆ ಬಂದ್ರಾ? ನಿಮ್ಮೂರಲ್ಲಿ ನೀರಿಲ್ವಾ?" ನಾದಿನಿ ನಕ್ಕೂ ನಕ್ಕೂ ಸುಸ್ತಾದಳು. ಬಚ್ಚಲಿನ ಗೋಡೆಯ ಮೇಲೆ ಬಿಳಿಯ ಡಬ್ಬ, ಅದರ ಹಣೆಗೆ ಮೂರು ಗೆರೆ ವಿಭೂತಿ. ನಲ್ಲಿ ತಿರುಗಿಸಿದೆ. ಮೊದಲು ತಣ್ಣಗೆ, ಹತ್ತು ಎಣಿಸುವುದರೊಳಗೆ ಬೆಚ್ಚಗೆ. ನಲ್ಲಿ ಹೆಚ್ಚು ಬಿಟ್ಟರೆ ತಣ್ಣಗಾಗುತ್ತದೆ, ಸಣ್ಣಗೆ ಬಿಟ್ಟರೆ ಸುಡುತ್ತದೆ. ನಡುವಿನ ಒಂದು ಜಾಗ ಹುಡುಕಿಕೊಳ್ಳಬೇಕು. ಆರು ನಿಮಿಷದಲ್ಲಿ ಸ್ನಾನ ಮುಗಿಯಿತು. ಕೈಗೆ ಮಸಿಯಿಲ್ಲ, ಕಣ್ಣಿಗೆ ಹೊಗೆಯಿಲ್ಲ. ತಲೆ ಒರೆಸುತ್ತ ಹಿತ್ತಲಿಗೆ ಬಂದಾಗ ಮನೆಯ ಹಿಂಬದಿಯ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ದನಕ್ಕೆ ಹುರುಳಿ ಬೇಯಿಸುತ್ತಿರಬೇಕು ಅಂದುಕೊಂಡೆ. ಅಂದುಕೊಂಡು ಸುಮ್ಮನಾದೆ. ರೋಗಿಯ ಮೈ ಒಂದು ಗೆರೆ ಬಿಸಿ ಏರಿದರೆ ಯಾಕೆ ಅಂತ ಕೇಳಲು ಕಲಿತವಳು, ಆ ಹೊಗೆ ಯಾಕೆ ಅಂತ ಕೇಳಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು.

ಅದೇ ವಾರ ಗೀಸರ್ ಬಂತು. ಹಿತ್ತಲಿನ ಕಲ್ಲುಕಂಬದ ಮೇಲೆ ಡ್ರಮ್ಮು ಕೂರಿಸಿ ಅಲ್ಲಿಂದ ಪೈಪು ಎಳೆಸಿದೆ, ದಪ್ಪ ವೈರು ಹಾಕಿಸಿದೆ. ಒಲೆಯ ಬಾಯಿಗೆ ಒಂದು ಚಪ್ಪಡಿ ಮುಚ್ಚಿದೆ. ಊದುಗೊಳವೆಯನ್ನು ನನ್ನ ಟ್ರಂಕಿನಲ್ಲಿ, ಬಿಳಿ ಸೀರೆಗಳ ಅಡಿಯಲ್ಲಿಟ್ಟು ಬೀಗ ಹಾಕಿದೆ.

"ಅಟ್ಟ ತಣ್ಣಗಾಯ್ತದೆ ಕಣೇ," ಅಂದರು ಅತ್ತೆಮ್ಮ.

"ಆಗಲಿ ಬಿಡಿ, ಮಳೆಗಾಲ. ನಿಮಗೆ ಇನ್ನೊಂದು ಕಂಬಳಿ ಕೊಡ್ತೀನಿ."

"ಕಂಬಳಿ ನಂಗಲ್ಲ ಕಣೇ..." ಅಂದು ಅಲ್ಲಿಗೇ ನಿಲ್ಲಿಸಿದರು. ಒಲೆ ಬಿಡಲಾರದೆ ಏನೋ ಒಂದು ನೆಪ ಹೇಳುತ್ತಿದ್ದಾರೆ ಅಂತ ನಾನೂ ಅಲ್ಲಿಗೇ ಬಿಟ್ಟೆ.

ಗೀಸರ್ ಹೇಳಿದಂತೆ ಕೆಲಸ ಮಾಡಿತು. ಐದೂ ಮುಕ್ಕಾಲಿಗೆ ಮೂರು ಜನರದೂ ಸ್ನಾನ ಮುಗಿದಿರುತ್ತಿತ್ತು. ಅತ್ತೆಮ್ಮ ಮಾತ್ರ ಅದನ್ನು ಮುಟ್ಟಲಿಲ್ಲ. "ಬೆಂಕಿ ಕಾಣದ ನೀರು ನಂಗ್ಬೇಡ" ಅಂದು ಕತ್ತಿನಿಂದ ಕೆಳಕ್ಕೆ ತಣ್ಣೀರು ಹೊಯ್ದುಕೊಂಡೇ ಪೂಜೆಗೆ ಕೂರುತ್ತಿದ್ದರು. ಅವರು ನಡುಗುವುದು ಕಂಡು ನನಗೆ ಕೋಪ ಬರುತ್ತಿತ್ತು. ಬೆಳಗಿನಲ್ಲಿ ಅರ್ಧ ಗಂಟೆ ಉಳಿಯಿತು. ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕೋ ತಿಳಿಯದೆ ಮಡಿಸಿಟ್ಟ ಬಟ್ಟೆಯನ್ನೇ ಮತ್ತೆ ಮಡಿಸುತ್ತಿದ್ದೆ. ಅತ್ತೆಮ್ಮ ಮಂಚದ ಮೇಲೆ ಕೂತು ಮೇಲಕ್ಕೆ ಕಿವಿ ಕೊಟ್ಟುಕೊಂಡು ಇರುತ್ತಿದ್ದರು. ಮನೆಯಲ್ಲಿ ಯಾರೂ ಯಾರ ಸರದಿಯನ್ನೂ ಕೂಗುತ್ತಿರಲಿಲ್ಲ.

ಆಷಾಢದ ಜಡಿ ಹಿಡಿಯಿತು. ದಿನವೆಲ್ಲ ಗಾಳಿ, ಸಣ್ಣ ಹನಿ. ಮನೆಯೊಳಗೆ ಎಲ್ಲಿಂದಲೋ ಒಂದು ಹುಳಿ ವಾಸನೆ. ಒದ್ದೆ ಬಟ್ಟೆ ಇರಬೇಕು ಅಂತ ಎಲ್ಲ ಬಟ್ಟೆಯನ್ನೂ ಇನ್ನೊಂದು ಸಲ ಒಗೆದೆ. ವಾಸನೆ ಹೋಗಲಿಲ್ಲ. ಅದರ ಜೊತೆಗೆ ಅತ್ತೆಮ್ಮನ ಕಣ್ಣು ಕೆಂಪಾಗತೊಡಗಿತು. ಹನಿ ಹಾಕುವಾಗಲೆಲ್ಲ ನೀರು ಸೋರುತ್ತಿತ್ತು. ಹನಿಯ ಬಾಟಲಿ ಬದಲಾಯಿಸಿದೆ, ಕೈ ಎರಡೆರಡು ಸಲ ತೊಳೆದುಕೊಂಡೆ. ಎಲ್ಲಿ ತಪ್ಪುತ್ತಿದ್ದೇನೆ ಅನ್ನುವುದೇ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ನಾಲ್ಕೂವರೆಗೆ ಎದ್ದವಳಿಗೆ ಮೂಗಿಗೆ ಹೊಗೆ ಬಡಿಯಿತು. ಬಚ್ಚಲುಮನೆಗೆ ಓಡಿದೆ. ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ಒಳಗೆ ಬೂದಿಯ ಅಡಿಯಲ್ಲಿ ಕೆಂಡ. ಹಂಡೆಯಲ್ಲಿ ನೀರೇ ಇರಲಿಲ್ಲ. ಅತ್ತೆಮ್ಮ ಮಂಚದ ಮೇಲೆ ತಲೆತುಂಬ ಹೊದ್ದು ನಿದ್ದೆಯ ನಾಟಕ ಆಡುತ್ತಿದ್ದರು. ಕಂಬಳಿ ಸರಿಸಿದೆ. ಸೆರಗೆಲ್ಲ ಹೊಗೆಯ ವಾಸನೆ, ಹಣೆಯ ಮೇಲೆ ಬೂದಿ.

"ಎಷ್ಟು ದಿನದಿಂದ?"

"ಎಂಟು ಹತ್ತು ದಿನ ಆಗಿರ್ಬೇಕು. ನೀನು ಏಳಕ್ಕೆ ಮುಂಚೆ ಹಚ್ಚಿ ಆರಿಸ್ತಿದ್ದೆ. ಇವತ್ತು ಮಟ್ಟೆ ಒದ್ದೆಯಾಗಿತ್ತು, ತಡ ಆಯ್ತು."

"ಊದುಗೊಳವೆ ನನ್ನ ಹತ್ತಿರ ಇದೆಯಲ್ಲ."

"ಅದಕ್ಕೇ ನೆಲಕ್ಕೆ ಮಕ ಇಟ್ಟು ಬಾಯಲ್ಲೇ ಊದ್ದೆ."

ಗೊಳವೆ ಇದ್ದಿದ್ದರೆ ಕೂತಲ್ಲಿಂದಲೇ ಊದುತ್ತಿದ್ದರು. ನಾನು ಬೀಗ ಹಾಕಿದ್ದಕ್ಕೆ ನೆಲಕ್ಕೆ ಬಗ್ಗಿ, ಕೆಂಡದ ಹತ್ತಿರ ಕಣ್ಣಿಟ್ಟು ಊದಿದ್ದರು.

"ಯಾಕೆ ಅತ್ತೆಮ್ಮ? ನೀರು ಬೇಕಿರಲಿಲ್ಲ, ಹಂಡೆ ಖಾಲಿ. ಯಾರಿಗೋಸ್ಕರ ಹಚ್ಚಿದಿರಿ?"

"ಕಾಯಿಗೆ!" ಅಂದರು ಜೋರಾಗಿ. "ಹೊಗೆ ಇಲ್ದೆ ಜಡಿಮಳೇಲಿ ಅಟ್ಟದ ಕಾಯಿ ಉಳೀತದಾ? ಅಟ್ಟ ತಣ್ಣಗಾಯ್ತದೆ ಅಂತ ಬಡ್ಕೊಂಡೆ. ಕಂಬಳಿ ಕೊಡ್ತೀನಿ ಅಂದೆ. ವಾಸ್ನೆ ಬರ್ತಿಲ್ವಾ ನಿಂಗೆ? ನಂಗೆ ಕಣ್ಣಿಲ್ಲ, ನಿಂಗೆ ಮೂಗಿಲ್ವಾ?"

ಸದ್ದಿಗೆ ಎದ್ದು ಬಂದ ಯಜಮಾನರು ಏಣಿ ಹಾಕಿ ಅಟ್ಟ ಹತ್ತಿದರು. ಬಚ್ಚಲ ನೇರಕ್ಕಿದ್ದ ಸಾಲಿನಿಂದ ನಾಲ್ಕು ಕಾಯಿ ಇಳಿಸಿದರು. ಎರಡರ ತಳ ಒದ್ದೆಯಾಗಿತ್ತು. ಸುಲಿದು ಒಡೆದರೆ ಒಳಗೆ ಕಪ್ಪು ತಿರುಳು, ಅದೇ ಹುಳಿ ವಾಸನೆ. ಅವರು ಆ ಹೋಳನ್ನು ಮೂಸಿ ನೋಡಿ ಕೆಳಗಿಟ್ಟರು.

"ನಿಮಗೂ ಗೊತ್ತಿರಲಿಲ್ವಾ?" ಅಂದೆ.

"ಒಲೆ ಯಾವಾಗ್ಲೂ ಇತ್ತಲ್ಲೇ. ಇಲ್ದಿದ್ರೆ ಏನಾಗುತ್ತೆ ಅಂತ ನೋಡಿದ್ದು ಯಾವಾಗ?"

ಆವತ್ತೇ ತುಮಕೂರಿಗೆ ಹೋದೆವು. ಡಾಕ್ಟರು ಬೆಳಕು ಬಿಟ್ಟು ನೋಡಿ ನನ್ನ ಕಡೆ ತಿರುಗಿದರು. ಒಂದು ಹೊಲಿಗೆ ಸಡಿಲವಾಗಿತ್ತು. ಇನ್ನೊಂದು ಸಲ ಹೀಗಾದರೆ ಕರೆದುಕೊಂಡು ಬರುವುದೇ ಬೇಡ ಅಂದರು.

ವಿಷಯ ತಿಳಿದು ನಾದಿನಿ ತಾಯಿಯನ್ನು ನೋಡಲು ಬಂದಳು. ಅವಳ ಹಿತ್ತಲಿನಲ್ಲಿ ಕಂಡ ಹೊಗೆಯ ಮಾತೆತ್ತಿದೆ.

"ಹುರುಳಿಯಾ? ನಮ್ಮನೇಲಿ ದನ ಎಲ್ಲೈತೆ ಅತ್ತಿಗೆ? ಗೀಸರ್ ನಮಗೆ, ಒಲೆ ಅಟ್ಟಕ್ಕೆ. ದಿನಾ ಖಾಲಿ ಒಲೆಗೆ ಉರಿ ಹಾಕ್ತೀವಿ. ಕೇಳಿದ್ರೆ ಹೇಳ್ತಿದ್ದೆ."

ಅವಳು ಬಸ್ಸು ಹತ್ತಿದ ಮೇಲೆ ಆ ಮಧ್ಯಾಹ್ನ ಯಜಮಾನರು, ಅತ್ತೆಮ್ಮ, ನಾನು ಕೂತು ಮಾತಾಡಿದೆವು. ಯಜಮಾನರು ನಾದಿನಿಯ ದಾರಿಯೇ ಸರಿ ಅಂದರು. "ಗೀಸರ್ ಇರ್ಲಿ. ಒಲೇನೂ ಹಚ್ಚೋಣ. ಕೊಬ್ಬರಿ ಆಗಕ್ಕೆ ಇನ್ನು ಮೂರು ತಿಂಗಳು."

"ಮನೆಯಲ್ಲಿ ಒಲೆ ಉರೀತಿದ್ದರೆ ಇವರು ಮಂಚದ ಮೇಲೆ ಇರ್ತಾರಾ? ನಾನು ಏಳು ಗಂಟೆಗೆ ಹೊರಟರೆ ಕಾಯೋರು ಯಾರು?"

"ಹಂಗಾದ್ರೆ ಕಾಯಿ?"

"ಕಾಯಿ ಇಳಿಸಿ."

ಅವರು ನನ್ನನ್ನು ನೋಡಿದರು. ಅರ್ಧ ಆದ ಕಾಯಿಯನ್ನು ನಮ್ಮ ಕಡೆ ಯಾರೂ ಕದಲಿಸುವುದಿಲ್ಲ. ಅಟ್ಟದಿಂದ ಅಟ್ಟಕ್ಕೆ ಹೋಗುವಾಗ ಎಷ್ಟು ಬಿರಿಯುತ್ತವೋ, ಎಷ್ಟು ಹಾಳಾಗುತ್ತವೋ. ಏಳೆಂಟು ತಿಂಗಳು ಕಾದ ಫಸಲು ಅದು. ನಾನು ಹೇಳಬಾರದ ಮಾತು ಹೇಳಿದ್ದೆ, ಆದರೆ ಹಿಂದಕ್ಕೆ ತೆಗೆದುಕೊಳ್ಳಲು ಸಿದ್ಧಳಾಗಿರಲಿಲ್ಲ. ತೋಟದಲ್ಲಿ ಹಳೆಯ ಕೊಟ್ಟಿಗೆ ಇತ್ತು, ಅದಕ್ಕೂ ಒಂದು ಅಟ್ಟ ಇತ್ತು. ಅಲ್ಲಿಗೆ ಸಾಗಿಸಿ, ಅಲ್ಲೇ ಕೆಳಗೆ ಹೊಗೆ ಹಾಕೋಣ ಅಂದೆ. ಯಜಮಾನರು ಅಂಗಳಕ್ಕೆ ಹೋಗಿ ಬಂದರು, ಮತ್ತೆ ಹೋದರು. ಕೊನೆಗೆ ಮಾತಾಡಿದವರು ಅತ್ತೆಮ್ಮ.

"ಇಳಿಸ್ಲಾ. ಆದ್ರೆ ನಾನು ಅಲ್ಲಾಡಿಸಿ ಕೇಳ್ದಲೆ ಒಂದು ಕಾಯೂ ಹೊಸ್ಲು ದಾಟಕೂಡ್ದು. ಆಗಿರೋದು ಬ್ಯಾರೆ, ಆಗದೆ ಇರೋದು ಬ್ಯಾರೆ, ಕೊಳೆತದ್ದು ಬ್ಯಾರೆ."

"ಭಾರ ಎತ್ತಬಾರದು ಅಂದಿದ್ದಾರೆ ಅತ್ತೆಮ್ಮ."

"ಕಾಯಿ ಏನು ಭಾರ? ನಿನ್ನ ಮಾತು ಭಾರ ಕಣೇ."

ಎರಡು ದಿನ ರಜೆ ಹಾಕಿದೆ. ಬೆನ್ನು ನೆಟ್ಟಗಿರುವ ಕುರ್ಚಿಯನ್ನು ಜಗಲಿಯಲ್ಲಿ ಹಾಕಿ, ದಿಂಬು ಕೊಟ್ಟು ಅವರನ್ನು ಕೂರಿಸಿದೆ. ಯಜಮಾನರು ಅಟ್ಟದಿಂದ ಇಳಿಸುತ್ತಿದ್ದರು, ನಾನು ಒಂದೊಂದೇ ಕಾಯಿಯನ್ನು ಅತ್ತೆಮ್ಮನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ಅವರು ಮುಟ್ಟುವಂತಿಲ್ಲ, ಕೇಳುವುದಷ್ಟೇ. ನನಗೆ ಮೊದಲು ಎಲ್ಲವೂ ಒಂದೇ ಆಗಿತ್ತು. ಅವರು ಹೇಳುತ್ತ ಹೋದರು. ಗಟ್ಟಿಯಾಗಿ ಲೊಟಕ್ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ. ಗುಳುಗುಳು ಅಂದರೆ ಇನ್ನೂ ನೀರಿದೆ. ಏನೂ ಅನ್ನದೆ ಹೆಣಭಾರ ಇದ್ದರೆ ಕೊಳೆತಿದೆ. "ಇದು ಆಗೈತೆ. ಇದು ಇನ್ನೂ ಕೂಸು. ಥೂ, ಇದನ್ನ ಆಚಿಕ್ ಎಸಿ." ಎರಡನೆಯ ದಿನದ ಮಧ್ಯಾಹ್ನಕ್ಕೆ ನಾನೇ ಮೊದಲು ಹೇಳಿ ಅವರಿಂದ ಹೌದು ಅನ್ನಿಸಿಕೊಳ್ಳುತ್ತಿದ್ದೆ. ಹದಿನಾಲ್ಕು ವರ್ಷದಲ್ಲಿ ನಾನು ಅವರ ಹತ್ತಿರ ಕೂತು ಒಂದು ಕೆಲಸ ಕಲಿತದ್ದು ಅದೇ ಮೊದಲು.

ಗಾಡಿಯಲ್ಲಿ ಕಾಯಿ ತೋಟಕ್ಕೆ ಹೋಯಿತು. ದಿನಾ ಬೆಳಿಗ್ಗೆ ಅಲ್ಲಿ ಹೊಗೆ ಹಾಕುವುದು ಯಜಮಾನರ ಪಾಲಿಗೆ ಬಂತು. ಅವರು ಕಣ್ಣುಜ್ಜಿಕೊಂಡು ಮನೆಗೆ ಬಂದಾಗ ಅತ್ತೆಮ್ಮ "ನಾರು ಕೆಳಕ್ಕೆ ಇಟ್ಟ್ಯೇನ್ಲಾ?" ಅಂತ ಕೇಳಿಯೇ ಕಾಫಿ ಕುಡಿಯುತ್ತಿದ್ದರು. ಒಂದಷ್ಟು ಕಾಯಿ ಬಿರಿದವು, ಒಂದಷ್ಟು ಕೊಳೆತವು. ಉಳಿದವು ದೀಪಾವಳಿಯ ಹೊತ್ತಿಗೆ ಕೊಬ್ಬರಿಯಾದವು.

ಅಟ್ಟ ಖಾಲಿಯಾದ ಮಾರನೆಯ ದಿನ ಅತ್ತೆಮ್ಮ ತಾವಾಗಿಯೇ ಗೀಸರಿನ ಕೆಳಗೆ ನಿಂತರು. ನಾನು ಹೊರಗೆ ನಿಂತು ನಲ್ಲಿ ಎಷ್ಟು ತಿರುಗಿಸಬೇಕು ಅಂತ ಕೂಗಿ ಹೇಳುತ್ತಿದ್ದೆ. "ನೀರು ನಮ್ಮ ಮಾತು ಕೇಳ್ಬೇಕು ಕಣೇ, ನಾವು ನೀರಿನ ಮಾತು ಕೇಳೋದಾ?" ಅಂದರು. ಆದರೂ ಆ ನಡುವಿನ ಜಾಗ ನನಗಿಂತ ಬೇಗ ಅವರ ಕೈಗೆ ಸಿಕ್ಕಿತು.

ಶ್ರಾವಣ ಕಳೆದ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು. ಡಾಕ್ಟರು ಬೆರಳು ತೋರಿಸಿ ಎಷ್ಟು ಅಂದರು. "ಮೂರು. ಉಗುರು ಕತ್ತರ್ಸಿಲ್ಲ ನೀವು," ಅಂದರು ಅತ್ತೆಮ್ಮ. ಮನೆಗೆ ಬಂದವರು ನೇರವಾಗಿ ಬಚ್ಚಲುಮನೆಗೆ ಹೋದರು. ಹಿಂದೆಯೇ ಹೋದೆ. ಅವರು ಕತ್ತೆತ್ತಿ ಅಟ್ಟದ ದಬ್ಬೆಗಳನ್ನು, ಗೋಡೆಯನ್ನು, ಮೂಲೆಗಳನ್ನು ಒಂದೊಂದಾಗಿ ನೋಡಿದರು.

"ಶಿವಶಿವಾ, ಇಷ್ಟು ಕಪ್ಪೇನೇ? ಇದರೊಳಗಾ ನಾನು ಇಷ್ಟು ವರ್ಸ ಕೂತಿದ್ದು?" ಅಂದರು. "ನಾಳೆ ಸುಣ್ಣ ಹೊಡಿಸು." ಒಲೆಯ ಮೂಲೆಯ ಕಡೆ ತಿರುಗಿ, "ಊದುಗೊಳವೆ ಎಲ್ಲಿಟ್ಟಿದ್ದೀಯ?"

ಕೊಡಬೇಕೋ ಬೇಡವೋ ತಿಳಿಯಲಿಲ್ಲ. ಟ್ರಂಕಿನ ಬೀಗ ತೆಗೆಯಲು ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ತಂದು ಕೊಟ್ಟಾಗ ಅವರು ಸೆರಗಿನಿಂದ ಅದರ ಬಾಯಿ ಒರೆಸಿದರು. ಕನ್ನಡಕ ಹಣೆಗೇರಿಸಿ ಬಲಗಣ್ಣಿಗೆ ಗೊಳವೆ ಹಿಡಿದು ಕಿಟಕಿಯ ಕಡೆ ನೋಡಿದರು. ಕನ್ನಡಕವಿಲ್ಲದ ಕಣ್ಣಿಗೆ ಏನು ಕಂಡಿತೋ, ಬೆಳಕಷ್ಟೇ ಇರಬೇಕು.

"ತೂತು ಕಟ್ಟಿಲ್ಲ, ಚೆನ್ನಾಗೈತೆ," ಅಂದು ನನ್ನ ಕೈಗಿಟ್ಟರು. "ತೋಟಕ್ಕೆ ಕಳ್ಸು. ಅವ್ನು ಬಾಯಲ್ಲಿ ಊದಿ ಊದಿ ಕಣ್ಣು ಕೆಡಿಸ್ಕೊಂಡಾನು."